2014ರ 911 ತಗೊಳ್ಳಲೋ, 2017ರದ್ದೋ?

ಪ್ರಶ್ನೆ: ನಮ್ಮದು ತುಮಕೂರು. ಅಂತರಸನಹಳ್ಳಿಯಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ವಯಸ್ಸು 47. ಒಂದು ಪೋರ್ಷೆ 911 ತಗೊಳ್ಳಬೇಕು ಅನ್ನುವುದು ಕಾಲೇಜಿನ ದಿನಗಳ ಆಸೆ. ಹೊಸದು ಕೈಗೆಟುಕುವುದಿಲ್ಲ. ಬೆಂಗಳೂರಿನಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. ಎರಡೂ 911 ಕರೆರಾ, ಎರಡೂ ಆಟೊಮ್ಯಾಟಿಕ್. ಒಂದು 2014ರದ್ದು, ಇನ್ನೊಂದು 2017ರದ್ದು. ಬೆಲೆಯಲ್ಲಿ 25 ಲಕ್ಷ ವ್ಯತ್ಯಾಸ. ಬ್ರೋಕರ್ ಹೇಳುತ್ತಾರೆ, "ಎರಡೂ ಒಂದೇ ಕಾರು ಸಾರ್, 2017ರದ್ದು ಫೇಸ್‌ಲಿಫ್ಟ್, ಬಂಪರ್ ಲೈಟು ಬೇರೆ ಅಷ್ಟೇ, ಸುಮ್ನೆ ಹಳೇದೇ ತಗೊಳ್ಳಿ" ಅಂತ. ಸ್ನೇಹಿತ ಹೇಳುತ್ತಾನೆ, ಹೊಸದಕ್ಕೆ ಟರ್ಬೊ ಹಾಕಿ ಸೌಂಡ್ ಹಾಳು ಮಾಡಿದರು ಅಂತ. ನಮ್ಮ ಮನೆ ಗೇಟಿನ ಮುಂದೆ ಚರಂಡಿ ದಾಟುವ ಇಳಿಜಾರು ಬೇರೆ ಇದೆ. ಯಾವುದು ತಗೊಳ್ಳಲಿ?

ಉತ್ತರ: ಬ್ರೋಕರ್ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫೇಸ್‌ಲಿಫ್ಟ್ ಅಂದರೆ ಬಂಪರ್, ಲೈಟು ಅನ್ನುವುದು ಬಹಳಷ್ಟು ಕಾರುಗಳ ಮಟ್ಟಿಗೆ ನಿಜ. ನೀವು ನೋಡಿರುವ ಕಾರಿನ ಮಟ್ಟಿಗೆ ನಿಜವಲ್ಲ. ಆ ಎರಡು ಕಾರುಗಳಲ್ಲಿ ಒಂದೇ ಆಗಿರುವುದು ಬಾಗಿಲು, ಚಾವಣಿ, ಗಾಜು, ಒಟ್ಟು ಆಕಾರ. ಹಿಂದೆ ಕೂತಿರುವ ಎಂಜಿನ್ ಬೇರೆಯೇ. 2014ರದ್ದರಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಪಂಪು, ಇಲ್ಲದ 3.4 ಲೀಟರ್ ಎಂಜಿನ್. 2017ರದ್ದರಲ್ಲಿ ಎರಡು ಟರ್ಬೊ ಇರುವ 3 ಲೀಟರ್ ಎಂಜಿನ್. ಇದಕ್ಕೆ "ಅಷ್ಟೇ" ಅನ್ನುವ ಮಾತು ಸರಿಹೋಗುವುದಿಲ್ಲ.

ವರ್ಕ್‌ಶಾಪ್ ನಡೆಸುವವರು ನೀವು. ಡೈ ಎಂದರೆ ಎಷ್ಟು ಖರ್ಚು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಾಗಿಲು, ಬಾನೆಟ್, ಚಾವಣಿಯ ತಗಡನ್ನು ಒತ್ತುವ ಡೈಗಳಿಗೆ ಕಾರು ಕಂಪನಿಗಳು ಭಾರೀ ದುಡ್ಡು ಸುರಿದಿರುತ್ತವೆ. ಒಂದು ಮಾಡೆಲ್ ಏಳೆಂಟು ವರ್ಷ ಮಾರಾಟವಾದರೆ ಆ ದುಡ್ಡು ಹುಟ್ಟುತ್ತದೆ. ಆದರೆ ಮೂರು-ನಾಲ್ಕನೇ ವರ್ಷಕ್ಕೇ ಜನರ ಕಣ್ಣಿಗೆ ಕಾರು ಹಳತಾಗುತ್ತದೆ. ಆಗ ತಗಡು ಮುಟ್ಟದೆ, ಪ್ಲಾಸ್ಟಿಕ್ಕಿನ ಬಂಪರ್, ಲೈಟು, ಒಳಗಿನ ಸ್ಕ್ರೀನ್ ಬದಲಾಯಿಸುತ್ತಾರೆ. ಬಿಎಂಡಬ್ಲ್ಯು ಇದಕ್ಕೆ ಎಲ್‌ಸಿಐ ಎನ್ನುತ್ತದೆ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಫೇಸ್‌ಲಿಫ್ಟ್.

ತುಮಕೂರಿನವರಿಗೆ ಇದನ್ನು ವಾಚಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ನಮ್ಮೂರಲ್ಲೇ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತಲ್ಲ. ಎಚ್‌ಎಂಟಿ ಜನತಾ, ಎಚ್‌ಎಂಟಿ ಪೈಲಟ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಡಯಲ್ ಬೇರೆ, ಮುಳ್ಳು ಬೇರೆ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಅದೇ 17 ಜ್ಯುವೆಲ್ ಮೂವ್‌ಮೆಂಟ್, ಅಂದರೆ ಅದೇ ಯಂತ್ರ. ಸಾಮಾನ್ಯ ಫೇಸ್‌ಲಿಫ್ಟ್ ಹೀಗಿರುತ್ತದೆ. ನಿಮ್ಮ 911ರಲ್ಲಿ ಆಗಿರುವುದು ಇದರ ಉಲ್ಟಾ. ಕೇಸ್ ಹಾಗೇ ಉಳಿಯಿತು, ಮೂವ್‌ಮೆಂಟ್ ಬದಲಾಯಿತು.

ಪೋರ್ಷೆಯವರು ಇದನ್ನು ಹಿಂದೆಯೂ ಮಾಡಿದ್ದಾರೆ. 1997ರಲ್ಲಿ 996 ಅನ್ನುವ ತಲೆಮಾರಿನ 911 ಬಂತು. ಗಾಳಿಯಿಂದ ತಣ್ಣಗಾಗುತ್ತಿದ್ದ ಎಂಜಿನ್ ಹೋಗಿ ನೀರಿನಿಂದ ತಣ್ಣಗಾಗುವ ಎಂಜಿನ್ ಬಂದದ್ದು ಅದರಲ್ಲಿ. ಕಡಿಮೆ ಬೆಲೆಯ ಬಾಕ್ಸ್‌ಸ್ಟರ್ ಕಾರಿನ ಹೆಡ್‌ಲೈಟನ್ನೇ ಇದಕ್ಕೂ ಹಾಕಿದ್ದರು. ದುಬಾರಿ ಕಾರು ಕೊಂಡವರಿಗೆ ಅದು ಹಿಡಿಸಲಿಲ್ಲ. 2002ರ ಮಾಡೆಲ್ಲಿಗೆ ಹೆಡ್‌ಲೈಟ್ ಬದಲಾಯಿತು. ಜೊತೆಗೇ ಎಂಜಿನ್ 3.4 ಲೀಟರಿನಿಂದ 3.6 ಲೀಟರಿಗೆ ಬೆಳೆಯಿತು. ಜನ ಹೆಡ್‌ಲೈಟ್ ಬಗ್ಗೆ ಮಾತಾಡಿದರು, ಓಡಿಸಿದವರು ಎಂಜಿನ್ ಬಗ್ಗೆ.

ಇನ್ನೂ ದೊಡ್ಡ ಉದಾಹರಣೆ ಅದರ ಮುಂದಿನ ತಲೆಮಾರು, 2004ರ 997. ಆ ಕಾಲದ ಕರೆರಾ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಕ್ಯಾಮ್ ಚೈನಿಗೂ ನಡುವೆ ಒಂದು ಮಧ್ಯದ ಶಾಫ್ಟ್ ಇತ್ತು. ಅದರ ಒಂದು ತುದಿಯಲ್ಲಿ ಒಂದು ಬೇರಿಂಗ್. ಕೆಲವು ಕಾರುಗಳಲ್ಲಿ ಆ ಬೇರಿಂಗ್ ಸವೆದು ಒಡೆಯುತ್ತಿತ್ತು. ಒಡೆದರೆ ಟೈಮಿಂಗ್ ತಪ್ಪಿ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ನೇ ಹೋಗುತ್ತಿತ್ತು. 2008ರ ಫೇಸ್‌ಲಿಫ್ಟಿನಲ್ಲಿ ಹೊರಗೆ ಎದ್ದು ಕಂಡದ್ದು ಎಲ್‌ಇಡಿ ಟೈಲ್‌ಲೈಟ್. ಒಳಗೆ ಆ ಮಧ್ಯದ ಶಾಫ್ಟೇ ಇಲ್ಲದ ಹೊಸ ಎಂಜಿನ್ ಕೂತಿತ್ತು. ಜೊತೆಗೆ ಪಿಡಿಕೆ ಅನ್ನುವ ಏಳು ಗೇರಿನ ಡಬಲ್ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆವತ್ತು ಟೈಲ್‌ಲೈಟ್ ನೋಡಿ "ಅಷ್ಟೇ" ಅಂದವರು ಎಷ್ಟು ದೊಡ್ಡ ತಪ್ಪು ಮಾಡಿದರು ನೋಡಿ.

ನಿಮಗೆ ಒಂದು ನೆಮ್ಮದಿಯ ವಿಷಯ. ನೀವು ನೋಡಿರುವ ಎರಡೂ ಕಾರುಗಳು ಇದಾದ ಮೇಲಿನವು. ಎರಡರಲ್ಲೂ ಆ ಬೇರಿಂಗಿನ ಕಾಟ ಇಲ್ಲ. ಹಾಗಾಗಿ 2014ರದ್ದು ಹಳತು, ಅಪಾಯ ಅಂತ ಹೆದರಬೇಕಿಲ್ಲ. ಅದೂ ಗಟ್ಟಿ ಕಾರು.

ಈಗ ನಿಮ್ಮ ಕಾರುಗಳಿಗೆ ಬರೋಣ. ಎರಡೂ 991 ಅನ್ನುವ ತಲೆಮಾರು. 2011ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಮೊದಲು ಕಂಡಿತು. 2015ರಲ್ಲಿ ಫೇಸ್‌ಲಿಫ್ಟ್ ಆಯಿತು. 2018ರ ಕೊನೆಗೆ 992 ಬಂದು ಇದರ ಜಾಗ ತುಂಬಿತು. ಈ ಕಾರಿನ ಹುಚ್ಚಿರುವವರು ಮೊದಲರ್ಧದ ಕಾರನ್ನು ಪಾಯಿಂಟ್ ಒನ್, ಎರಡನೆಯ ಅರ್ಧದ್ದನ್ನು ಪಾಯಿಂಟ್ ಟೂ ಅನ್ನುತ್ತಾರೆ. 2014ರದ್ದು ಪಾಯಿಂಟ್ ಒನ್, 2017ರದ್ದು ಪಾಯಿಂಟ್ ಟೂ.

ಪಾಯಿಂಟ್ ಒನ್ ಕರೆರಾದ ಶಕ್ತಿ 350 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದಂತೆ). ಅದು ಸಿಗುವುದು 7,400 ಆರ್‌ಪಿಎಂನಲ್ಲಿ. ಎಳೆತ 390 ನ್ಯೂಟನ್ ಮೀಟರ್, ಅದು 5,600 ಆರ್‌ಪಿಎಂನಲ್ಲಿ. ಅಂದರೆ ಈ ಎಂಜಿನ್ ತನ್ನ ಪೂರ್ತಿ ಕಸುವು ತೋರಿಸಬೇಕಾದರೆ ಮುಳ್ಳು ಮೇಲಕ್ಕೆ ಏರಲೇಬೇಕು. ಪಾಯಿಂಟ್ ಟೂ ಕರೆರಾದ ಶಕ್ತಿ 370 ಪಿಎಸ್. ಎಳೆತ 450 ನ್ಯೂಟನ್ ಮೀಟರ್, ಅದೂ 1,700 ಆರ್‌ಪಿಎಂನಿಂದಲೇ ಶುರುವಾಗಿ 5,000ದವರೆಗೆ ಹಾಗೇ ನಿಲ್ಲುತ್ತದೆ. ನೂರು ಕಿಲೋಮೀಟರ್ ವೇಗಕ್ಕೆ 4.2 ಸೆಕೆಂಡ್ ಅಂತ ಕಂಪನಿಯ ಲೆಕ್ಕ, ಪಿಡಿಕೆ ಮತ್ತು ಸ್ಪೋರ್ಟ್ ಕ್ರೊನೊ ಅನ್ನುವ, ದುಡ್ಡು ಕೊಟ್ಟು ಹಾಕಿಸುವ ಪ್ಯಾಕೇಜ್ ಇದ್ದರೆ. ಹಳೆಯದು ಇದಕ್ಕಿಂತ 0.2 ಸೆಕೆಂಡ್ ನಿಧಾನ. ಆ 0.2 ಸೆಕೆಂಡಿಗೆ 25 ಲಕ್ಷ ಕೊಡಬೇಡಿ, ಅದು ಯಾರಿಗೂ ಗೊತ್ತಾಗದ ವ್ಯತ್ಯಾಸ. ಗೊತ್ತಾಗುವುದು ಎಳೆತ. ದಾಬಸ್‌ಪೇಟೆ ದಾಟಿದ ಮೇಲೆ ಮುಂದೆ ಎರಡು ಲಾರಿ ಒಂದರ ಪಕ್ಕ ಒಂದು ಹೋಗುತ್ತಿರುತ್ತವೆ, ಜಾಗ ಬಿಟ್ಟಾಗ ನೀವು ಕಾಲು ಒತ್ತುತ್ತೀರಿ. ಹಳೆಯದು ಎರಡು-ಮೂರು ಗೇರ್ ಕೆಳಗಿಳಿದು, ಕೂಗಿ, ಆಮೇಲೆ ಹಾರುತ್ತದೆ. ಹೊಸದು ಇದ್ದ ಗೇರಿನಲ್ಲೇ ಎದ್ದು ಹೋಗುತ್ತದೆ.

ಇನ್ನು ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ವಿಷಯ. ಮೇಲೆ ಕೊಟ್ಟ 350, 370 ಅನ್ನುವುದು ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯ ಲೆಕ್ಕ. ನಮ್ಮ ತುಮಕೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು. ಶೇಕಡಾ ಏಳೆಂಟರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಹೊರಗಿನ ಗಾಳಿ ಎಷ್ಟಿದೆಯೋ ಅಷ್ಟನ್ನೇ ಉಸಿರಾಡುತ್ತದೆ. ಗಾಳಿ ಏಳೆಂಟು ಭಾಗ ಕಡಿಮೆಯಾದರೆ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಅಂದರೆ ಜರ್ಮನಿಯಲ್ಲಿ 350 ಇದ್ದದ್ದು ನಿಮ್ಮ ಮನೆ ಬಾಗಿಲಲ್ಲಿ 325ರ ಹತ್ತಿರ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋದಿರಿ ಅನ್ನಿ. ಅದರ ತುದಿ 1,478 ಮೀಟರ್. ಅಲ್ಲಿ ಗಾಳಿ ಶೇಕಡಾ 13-14ರಷ್ಟು ತೆಳು. ಆ 350 ಅಲ್ಲಿ 300ರ ಆಸುಪಾಸಿಗೆ ಇಳಿದಿರುತ್ತದೆ.

ಟರ್ಬೊ ಹಾಗಲ್ಲ. ಅದು ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಹೊರಗಿನ ಗಾಳಿ ತೆಳುವಾದರೆ ಸ್ವಲ್ಪ ಜಾಸ್ತಿ ತಿರುಗಿ ಆ ಕೊರತೆಯ ಬಹುಪಾಲು ತುಂಬಿಕೊಳ್ಳುತ್ತದೆ. ಹಾಗಾಗಿ ಕಾಗದದ ಮೇಲೆ 20 ಪಿಎಸ್ ಇರುವ ವ್ಯತ್ಯಾಸ ತುಮಕೂರಿನಲ್ಲಿ 40ರ ಮೇಲಾಗುತ್ತದೆ, ನಂದಿಯ ತಿರುವುಗಳಲ್ಲಿ ಇನ್ನೂ ಜಾಸ್ತಿ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಮಾತು. ಮಂಗಳೂರಿನ ಓದುಗರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆ ಆಗುತ್ತಿತ್ತೋ ಏನೋ.

ನಿಮ್ಮ ಸ್ನೇಹಿತನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪಾಯಿಂಟ್ ಒನ್ ಎಂಜಿನ್ 7,800 ಆರ್‌ಪಿಎಂವರೆಗೆ ಏರುತ್ತದೆ. ಏರುವಾಗ ಅದರ ದನಿ ಗೊಗ್ಗರಿನಿಂದ ಶುರುವಾಗಿ ಕೊನೆಯ ಎರಡು ಸಾವಿರದಲ್ಲಿ ಕೂಗಾಗುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಾಲಿನ ಬೆರಳು ಅಲುಗಿಸಿದಷ್ಟಕ್ಕೂ ಎಂಜಿನ್ ತಕ್ಷಣ ಉತ್ತರ ಕೊಡುತ್ತದೆ. ಪಾಯಿಂಟ್ ಟೂನಲ್ಲಿ ಹೊಗೆ ಸೈಲೆನ್ಸರಿಗೆ ಹೋಗುವ ಮೊದಲು ಟರ್ಬೊ ಚಕ್ರವನ್ನು ತಿರುಗಿಸಿಕೊಂಡು ಹೋಗಬೇಕು, ಅಲ್ಲೇ ಅರ್ಧ ದನಿ ಸೋರಿಹೋಗುತ್ತದೆ. 7,500ಕ್ಕೆ ನಿಲ್ಲುತ್ತದೆ. ಅದರ ಸೌಂಡೂ ಕೆಟ್ಟದ್ದಲ್ಲ, ಆದರೆ ಅದು ಬೇರೆ ಸೌಂಡ್. ಸ್ಪೋರ್ಟ್ ಎಕ್ಸಾಸ್ಟ್ ಇರುವ ಕಾರಾದರೆ ಹಿಂದೆ ನಡುವೆ ಎರಡು ದುಂಡು ಪೈಪು ಇರುತ್ತವೆ. ಅಂಥದ್ದು ಸಿಕ್ಕರೆ ಸ್ವಲ್ಪ ಸಮಾಧಾನ.

ಯಾಕೆ ಹೀಗೆ ಮಾಡಿದರು ಅಂದರೆ, ಯುರೋಪಿನ ಹೊಗೆ ನಿಯಮ ಬಿಗಿಯಾಯಿತು. ಚಿಕ್ಕ ಎಂಜಿನ್, ಟರ್ಬೊ, ಕಡಿಮೆ ಪೆಟ್ರೋಲ್ ಅನ್ನುವ ದಾರಿ ಹಿಡಿಯಬೇಕಾಯಿತು. ಇದೇ ದಾರಿಯಲ್ಲಿ 2016ರಲ್ಲಿ ಬಾಕ್ಸ್‌ಸ್ಟರ್, ಕೇಮನ್ ಕಾರುಗಳ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಹಾಕಿದರು. ಆ ದನಿ ಬಹಳ ಜನಕ್ಕೆ ಹಿಡಿಸಲಿಲ್ಲ. 2020ರಲ್ಲಿ ಜಿಟಿಎಸ್ ಮಾಡೆಲ್ಲಿಗೆ ಮತ್ತೆ ಟರ್ಬೊ ಇಲ್ಲದ ಆರು ಸಿಲಿಂಡರಿನ 4 ಲೀಟರ್ ಎಂಜಿನ್ ವಾಪಸ್ ತಂದರು. ಕಿವಿಗೂ ಬೆಲೆ ಇದೆ ಅಂತ ಕಂಪನಿಗೂ ಗೊತ್ತು. ಆದರೆ ಸಾಮಾನ್ಯ ಕರೆರಾಗೆ ಆ ಎಂಜಿನ್ ಮತ್ತೆ ಬರಲಿಲ್ಲ. 2015ರ ನಂತರ ಟರ್ಬೊ ಇಲ್ಲದ 911 ಬೇಕೆಂದರೆ ಜಿಟಿ3 ತರಹದ ದುಬಾರಿ ಮಾಡೆಲ್ಲಿಗೇ ಹೋಗಬೇಕು.

ಇಳಿಜಾರಿನ ವಿಷಯ. ಇದನ್ನು ನೀವು ಕೊನೆಯಲ್ಲಿ ಸುಮ್ಮನೆ ಬರೆದಂತಿದೆ, ಆದರೆ ನಿಮ್ಮ ತೀರ್ಮಾನ ಇದರ ಮೇಲೇ ನಿಲ್ಲಬಹುದು. ಪಾಯಿಂಟ್ ಟೂ ಕರೆರಾಗೆ ಪಿಎಎಸ್ಎಂ ಅನ್ನುವ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಸ್ಟ್ಯಾಂಡರ್ಡ್ ಆಗಿ ಬಂತು. ಅದರಿಂದ ಕಾರು 10 ಮಿಲಿಮೀಟರ್ ಕೆಳಗೆ ಇಳಿಯಿತು. ನಿಮ್ಮ 2014ರ ಕಾರಿಗೆ ಮೊದಲ ಮಾಲೀಕರು ಅದನ್ನು ಹಾಕಿಸಿಲ್ಲದಿದ್ದರೆ, ಹಳೆಯದೇ ಒಂದು ಸೆಂಟಿಮೀಟರ್ ಎತ್ತರ. ನಮ್ಮೂರ ಹಂಪುಗಳ ಮೇಲೆ ಒಂದು ಸೆಂಟಿಮೀಟರ್ ಅಂದರೆ ಉಜ್ಜುವುದಕ್ಕೂ ಉಜ್ಜದಿರುವುದಕ್ಕೂ ಇರುವ ವ್ಯತ್ಯಾಸ.

ಆದರೆ ಅದೇ ಫೇಸ್‌ಲಿಫ್ಟಿನಲ್ಲಿ ಕರೆರಾಗೆ ಇನ್ನೊಂದು ಸೌಲಭ್ಯವೂ ಬಂತು. ಮುಂದಿನ ಸ್ಟ್ರಟ್‌ಗಳಲ್ಲೇ ಹೈಡ್ರಾಲಿಕ್ ಸಿಲಿಂಡರ್ ಇಟ್ಟು, ಒಂದು ಬಟನ್ ಒತ್ತಿದರೆ ಐದು ಸೆಕೆಂಡಿನೊಳಗೆ ಕಾರಿನ ಮೂತಿ 40 ಮಿಲಿಮೀಟರ್ ಮೇಲೇಳುತ್ತದೆ. ಇಳಿಜಾರು ದಾಟಿದ ಮೇಲೆ ಮತ್ತೆ ಇಳಿಸಬಹುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ನಿಲ್ಲಿಸುವಾಗ ರಸ್ತೆಯಿಂದ ಮಣ್ಣಿಗೆ ಇಳಿಯುವ ಆ ಅಂಚಿದೆಯಲ್ಲ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇದು ಎಲ್ಲ ಕಾರಿಗೂ ಇರುವುದಿಲ್ಲ, ದುಡ್ಡು ಕೊಟ್ಟು ಹಾಕಿಸಿದ್ದರೆ ಮಾತ್ರ. ನೀವು ನೋಡಿರುವ 2017ರದ್ದರಲ್ಲಿ ಆ ಬಟನ್ ಇದೆಯಾ ಅಂತ ಮೊದಲು ಕೇಳಿ.

ಹೊಸದರಲ್ಲಿ ಹೊಸ ಟಚ್‌ಸ್ಕ್ರೀನು, ಸ್ಪೋರ್ಟ್ ಕ್ರೊನೊ ಇದ್ದರೆ ಸ್ಟಿಯರಿಂಗ್ ಮೇಲೆ ಡ್ರೈವ್ ಮೋಡ್ ತಿರುಪು ಎಲ್ಲ ಇವೆ. ಚೆನ್ನಾಗಿವೆ. ಅವುಗಳಿಗಾಗಿ ಕಾರು ಆರಿಸಬೇಡಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರಿಗಾಗಿ ಬೆಂಗಳೂರಿನಲ್ಲಿ ಒಂದು 991 ನೋಡಲು ಹೋಗಿದ್ದೆ. ಮಾರುವವರು ಫೇಸ್‌ಲಿಫ್ಟ್ ಕಾರು ಅಂತಲೇ ಬೆಲೆ ಹೇಳಿದ್ದರು. ಹಿಂದಿನಿಂದ ನೋಡಿದರೆ ಹಾಗೇ ಇತ್ತು. ಎಂಜಿನ್ ಮುಚ್ಚಳದ ಪಟ್ಟಿಗಳು ಉದ್ದಕ್ಕೆ ಇದ್ದವು, ಹಳೆಯದರಲ್ಲಿ ಅವು ಅಡ್ಡಕ್ಕೆ ಇರುತ್ತವೆ. ಟೈಲ್‌ಲೈಟೂ ಹೊಸದೇ. ಆರ್‌ಸಿ ಕೈಗೆ ತಗೊಂಡು ಸಿಸಿ ನೋಡಿದೆ. 3436 ಅಂತಿತ್ತು. ಹಳೆಯ ಕಾರಿಗೆ ಹೊಸ ಬಂಪರ್, ಲೈಟು, ಮುಚ್ಚಳ ಹಾಕಿಸಿದ್ದರು. ನನ್ನ ಪರಿಚಿತರು ಅಡ್ವಾನ್ಸ್ ಕೊಡಲು ಚೆಕ್ ಬುಕ್ ತಂದಿದ್ದರು. ಆವತ್ತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಯಾಕೆಂದರೆ ಅವರು ಇಪ್ಪತ್ತು ವರ್ಷ ಕೂಡಿಟ್ಟ ದುಡ್ಡು ಅದು.

ಆದ್ದರಿಂದ ಕಾರು ನೋಡುವ ಮೊದಲು ಆರ್‌ಸಿ ನೋಡಿ. ಕ್ಯೂಬಿಕ್ ಕೆಪಾಸಿಟಿ 2981 ಇದ್ದರೆ ಟರ್ಬೊ ಇರುವ ಪಾಯಿಂಟ್ ಟೂ. 3436 ಇದ್ದರೆ ಪಾಯಿಂಟ್ ಒನ್. ಕರೆರಾಗಳಲ್ಲಿ 3800 ಇದ್ದರೆ ಪಾಯಿಂಟ್ ಒನ್‌ನ ಎಸ್ ಅಥವಾ ಜಿಟಿಎಸ್ ಮಾಡೆಲ್. ಬಂಪರ್ ಸುಳ್ಳು ಹೇಳಬಹುದು, ಈ ಅಂಕಿ ಹೇಳುವುದಿಲ್ಲ. ಆರ್‌ಸಿಯ ಚಾಸಿ ನಂಬರನ್ನು ಕಾರಿನ ಮೇಲಿರುವ ನಂಬರಿಗೆ ತಾಳೆ ಹಾಕಿ. ಗಾಡಿ ಬೇರೆ ರಾಜ್ಯದ್ದಾದರೆ ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಂಡೇ ಬೆಲೆ ಮಾತಾಡಿ. ಇಂಥ ಕಾರುಗಳಿಗೆ ಅದು ಸಣ್ಣ ಮೊತ್ತವಲ್ಲ.

ಇನ್ನು ಕಾರಿನ ಹತ್ತಿರ ಹೋದಾಗ ಟಾರ್ಚ್ ತಗೊಂಡು ಹೋಗಿ. ಮುಂದಿನ ಬಂಪರಿನ ಎರಡು ಬದಿಯ ಗಾಳಿ ಕಿಂಡಿಗಳ ಒಳಗೆ ನೋಡಿ. ಎಂಜಿನ್ ಹಿಂದಿದ್ದರೂ ರೇಡಿಯೇಟರ್, ಎಸಿ ಕಂಡೆನ್ಸರ್ ಇರುವುದು ಅಲ್ಲಿ. ಮರದ ಕೆಳಗೆ ನಿಲ್ಲಿಸಿದ ಕಾರಾದರೆ ಒಣಗಿದ ಎಲೆ, ಕಸ ತುಂಬಿ, ತೇವ ಹಿಡಿದು ಕಂಡೆನ್ಸರ್ ಕೊಳೆತಿರುತ್ತದೆ. ಅಲ್ಲಿ ಸ್ವಚ್ಛವಾಗಿದ್ದರೆ ಮಾಲೀಕರು ಕಾಳಜಿಯವರು ಅಂತ ಅರ್ಥ. ಟೈರಿನ ಮೇಲೆ ಎನ್ ಅಕ್ಷರದ ಜೊತೆ ಒಂದು ಅಂಕಿ ಇದ್ದರೆ ಪೋರ್ಷೆ ಒಪ್ಪಿದ ಟೈರು. ತಯಾರಾದ ವಾರ, ವರ್ಷದ ನಾಲ್ಕು ಅಂಕಿಯೂ ಅಲ್ಲೇ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಆಯಿಲ್ ನೋಡಲು ಡಿಪ್‌ಸ್ಟಿಕ್ ಹುಡುಕಬೇಡಿ, ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡ್ ಸ್ಕ್ರೀನಿನಲ್ಲೇ ನೋಡಬೇಕು. ಸ್ಟೆಪ್ನಿಯೂ ಇಲ್ಲ. ಗಾಳಿ ತುಂಬುವ ಪಂಪು, ಪಂಕ್ಚರ್ ಮುಚ್ಚುವ ದ್ರವ ಮಾತ್ರ ಕೊಟ್ಟಿರುತ್ತಾರೆ. ಶಿರಾ ಕಡೆ ರಾತ್ರಿ ಹೊರಡುವಾಗ ಇದು ನೆನಪಿರಲಿ.

ಪೆಟ್ರೋಲಿನ ಬಗ್ಗೆ ಒಂದೇ ಮಾತು. ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಟರ್ಬೊ ಎಂಜಿನ್ನಿನ ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ನೀವು ಕೊಟ್ಟ ದುಡ್ಡು ಅಲ್ಲಿಗೆ ದಂಡ. ಇಂಡಿಯನ್ ಆಯಿಲ್ ಬಂಕಿನ ಎಕ್ಸ್‌ಪಿ95 ಅಂದರೆ 95 ಆಕ್ಟೇನಿನ ಪೆಟ್ರೋಲ್, ಅದಕ್ಕಿಂತ ಕೆಳಗೆ ಇಳಿಯಬೇಡಿ, 100 ಆಕ್ಟೇನಿನದು ಸಿಕ್ಕಾಗ ಹಾಕಿಸಿ. ಈಗ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಎಥನಾಲ್ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ಇದು ಎರಡೂ ಕಾರಿಗೆ ಅನ್ವಯ.

ನನ್ನ ಅಭಿಪ್ರಾಯ ಕೇಳಿದ್ದೀರಿ. 2017ರ ಕಾರಿನಲ್ಲಿ ಮೂತಿ ಎತ್ತುವ ಬಟನ್ ಇದ್ದು, ಸರ್ವಿಸ್ ದಾಖಲೆ ಪೂರ್ತಿ ಇದ್ದು, ಆ 25 ಲಕ್ಷಕ್ಕೆ ವರ್ಕ್‌ಶಾಪಿನ ದುಡ್ಡಿಗೆ ಕೈ ಹಾಕಬೇಕಾಗಿಲ್ಲ ಅಂದರೆ, ಅದನ್ನೇ ತಗೊಳ್ಳಿ. ನಮ್ಮ ಎತ್ತರಕ್ಕೆ, ನಮ್ಮ ಹೈವೇಗೆ ಅದು ಸರಿಯಾದ ಎಂಜಿನ್. ಆ ಬಟನ್ ಇಲ್ಲದಿದ್ದರೆ ನನ್ನ ಒಲವು 2014ರ ಕಡೆ ತಿರುಗುತ್ತದೆ. ಸಾಲ ಮಾಡಬೇಕಾಗಿ ಬಂದರೂ ಅಷ್ಟೇ. ದೇವರಾಯನದುರ್ಗದ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಕಿಟಕಿ ಇಳಿಸಿಕೊಂಡು ಆ 3.4 ಲೀಟರಿನ ದನಿ ಕೇಳಿದವರು ಯಾರೂ 25 ಲಕ್ಷ ಉಳಿಸಿದ್ದಕ್ಕೆ ಪಶ್ಚಾತ್ತಾಪ ಪಡುವುದಿಲ್ಲ.

ಆದರೆ ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಟೇಪು ತಗೊಂಡು ಹೋಗಿ, ಮುಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿನವರೆಗೆ ಎಷ್ಟು ದೂರ, ಆ ಅಂಚು ನೆಲದಿಂದ ಎಷ್ಟು ಎತ್ತರ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು ದೂರ, ಅವುಗಳ ನಡುವೆ ಕಾರಿನ ಹೊಟ್ಟೆ ಎಷ್ಟು ಎತ್ತರ ಅಂತ ಎರಡೂ ಕಾರಿನಲ್ಲಿ ಅಳೆದುಕೊಳ್ಳಿ. ವರ್ಕ್‌ಶಾಪಿನಲ್ಲಿ ಅದೇ ಅಳತೆಗೆ ಒಂದು ಪ್ಲೈವುಡ್ ಹಲಗೆ ಕತ್ತರಿಸಿ. ಮನೆ ಗೇಟಿನ ಮುಂದೆ ಇಳಿಜಾರಿನ ಮೇಲೆ ಆ ಹಲಗೆಯನ್ನು ನಿಧಾನವಾಗಿ ತಳ್ಳಿ ನೋಡಿ. ಎಲ್ಲಾದರೂ ತಗುಲಿದರೆ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗಾರೆ ಕೆಲಸದವರನ್ನು ಕರೆಸಿ. ಇಳಿಜಾರನ್ನು ಇನ್ನೊಂದೆರಡು ಅಡಿ ಉದ್ದ ಮಾಡಿ ಚಪ್ಪಟೆ ಮಾಡಿಸಿದರೆ ಸಾಕಾಗಬಹುದು. ಸಿಮೆಂಟು ಒಣಗಿದ ಮೇಲೆ ಕಾರು ತರಲು ಹೋಗಿ.